ರಿಟರ್ನಿನಲ್ಲಿ ಯಾರ ಹೆಸರು: ವ್ಯಕ್ತಿಯದೋ, ಮನೆತನದ್ದೋ?

ಮಾರ್ಚ್ ತಿಂಗಳ ಲೆಕ್ಕ ಮುಗಿದೊಡನೆ ತಾಂಡೂರಿನ ತೊಗರಿ ವ್ಯಾಪಾರದ ಮನೆಗಳಲ್ಲಿಯೂ ಹಾಸುಗಲ್ಲಿನ ಕಾರ್ಖಾನೆಗಳಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಆದಾಯ ತೆರಿಗೆಯ ರಿಟರ್ನನ್ನು ಸ್ವಂತ ಹೆಸರಿನಲ್ಲಿ ಸಲ್ಲಿಸಬೇಕೋ, ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲೋ? ಯಾವುದರಲ್ಲಿ ತೆರಿಗೆ ಕಡಿಮೆಯೋ ಅದೇ ಸರಿಯೆಂಬುದು ಹಲವರ ಎಣಿಕೆ. ಈ ಎಣಿಕೆ ತಪ್ಪು. ಆಸ್ತಿ ಯಾರದೋ ಆದಾಯವೂ ಅವರದು. ರಿಟರ್ನಿನ ಸ್ಥಾನಮಾನ ಅದನ್ನು ಅನುಸರಿಸಬೇಕು.

ಅಮೆರಿಕದಲ್ಲಿ ಗಂಡ ಹೆಂಡಿರು ಕೂಡಿ ಒಂದೇ ರಿಟರ್ನು ಸಲ್ಲಿಸಬಹುದು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇಬ್ಬರದೂ ಬೇರೆ ಬೇರೆ. ಆದರೆ ನಮ್ಮ ಕಾಯಿದೆ ಅವಿಭಕ್ತ ಕುಟುಂಬವನ್ನು ಪ್ರತ್ಯೇಕ ತೆರಿಗೆದಾರನೆಂದು ಒಪ್ಪಿದೆ. ಲಿಂಗಾಯತರಿಗೂ ಜೈನರಿಗೂ ಇದು ಅನ್ವಯಿಸುತ್ತದೆ. ಪ್ಯಾನ್ ಕಾರ್ಡಿನ ನಾಲ್ಕನೆಯ ಅಕ್ಷರ ‘ಪಿ’ ಆಗಿದ್ದರೆ ವ್ಯಕ್ತಿ, ‘ಎಚ್’ ಆಗಿದ್ದರೆ ಅವಿಭಕ್ತ ಕುಟುಂಬ.

ಲಾಭದ ಲೆಕ್ಕವೂ ಅಷ್ಟು ಸರಳವಲ್ಲ. 2025-26ನೆಯ ಆರ್ಥಿಕ ವರ್ಷಕ್ಕೆ ಹೊಸ ಪದ್ಧತಿಯಲ್ಲಿ, ದೇಶದ ನಿವಾಸಿಯಾದ ವ್ಯಕ್ತಿಗೆ 12 ಲಕ್ಷ ರೂಪಾಯಿಯವರೆಗಿನ ಸಾಮಾನ್ಯ ಆದಾಯದ ಮೇಲೆ ರಿಯಾಯಿತಿಯಿಂದಾಗಿ ತೆರಿಗೆ ಬೀಳದು. ಆ ರಿಯಾಯಿತಿ ಕುಟುಂಬಕ್ಕಿಲ್ಲ. ಅಷ್ಟೇ ಆದಾಯಕ್ಕೆ ಕುಟುಂಬ ಸೆಸ್ ಸೇರಿ 62,400 ರೂಪಾಯಿ ತೆರಬೇಕು. ಸ್ವಂತ ಆಸ್ತಿಯನ್ನು ಕುಟುಂಬಕ್ಕೆ ಸೇರಿಸಿ ತೆರಿಗೆ ಇಳಿಸುವ ದಾರಿಯೂ ಮುಚ್ಚಿದೆ. 1969ರ ಡಿಸೆಂಬರ್ 31ರ ತರುವಾಯ ಹಾಗೆ ಸೇರಿಸಿದ ಆಸ್ತಿಯ ಆದಾಯ ಸೇರಿಸಿದವನ ತಲೆಗೇ ಬರುತ್ತದೆ.

ಇಷ್ಟು ಹಣದ ಮಾತು. ಇದಕ್ಕಿಂತ ದೊಡ್ಡದು ಹೆಣ್ಣುಮಕ್ಕಳ ಹಕ್ಕಿನ ಮಾತು. ತಂದೆ ಸ್ವಂತ ದುಡಿಮೆಯಿಂದ ಕಟ್ಟಿದ ಮಳಿಗೆಯೊಂದಿದೆ ಎನ್ನೋಣ. ಉಯಿಲು ಬರೆಯದೆ ಅವರು ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅಜ್ಜಿ ಬದುಕಿದ್ದರೆ ಆಕೆಗೂ ಒಂದು. ಮಗನಿಗೆ ಬಂದದ್ದು ಅವನ ಸ್ವಂತ ಸ್ವತ್ತೇ ಎಂದು 1986ರಲ್ಲಿ ಚಂದರ್ ಸೇನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದುದರಿಂದ ಬಾಡಿಗೆಯನ್ನು ಪ್ರತಿಯೊಬ್ಬರೂ ತಮ್ಮ ಪಾಲಿನಷ್ಟು ತಮ್ಮ ರಿಟರ್ನಿನಲ್ಲಿಯೇ ತೋರಿಸಬೇಕು. ಮಗ ತಾನೇ ಕರ್ತನೆಂದು ಬರೆದು ಪೂರ್ತಿ ಬಾಡಿಗೆಯನ್ನು ಕುಟುಂಬದ ರಿಟರ್ನಿನಲ್ಲಿ ತೋರಿಸಿದರೆ, ತಾಯಿಯ ಮತ್ತು ತಂಗಿಯ ಪಾಲು ಕಾಗದದ ಮೇಲೆ ಮರೆಯಾಗುತ್ತದೆ. ರಿಟರ್ನೊಂದೇ ಒಡೆತನವನ್ನು ನಿರ್ಣಯಿಸದು. ಆದರೆ ವ್ಯಾಜ್ಯ ಬಂದ ದಿನ ಅದೂ ಒಂದು ಸಾಕ್ಷ್ಯ.

ಪಿತ್ರಾರ್ಜಿತ ಆಸ್ತಿಯ ದಾರಿ ಬೇರೆ. ಒಬ್ಬನೇ ಗಂಡುಮಗ ಉಳಿದ ಮಾತ್ರಕ್ಕೆ ಅವಿಭಕ್ತ ಕುಟುಂಬ ಇಲ್ಲವಾಗದೆಂದು, ಮೈಸೂರಿನ ತೆರಿಗೆ ಆಯುಕ್ತರ ವಿರುದ್ಧದ ಗೌಳಿ ಬುದ್ದಣ್ಣನವರ ಮೊಕದ್ದಮೆಯಲ್ಲಿ 1966ರಲ್ಲಿಯೇ ತೀರ್ಪಾಗಿದೆ. ಮನೆಯ ಹೆಂಗಸರೂ ಆ ಕುಟುಂಬದ ಸದಸ್ಯರು.

1956ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ತಾಂಡೂರಿನವರಾದ ನಮಗೆ ಗಡಿಯ ಆಚೆಗೂ ಬಂಧುಗಳಿದ್ದಾರೆ. ಆಂಧ್ರಪ್ರದೇಶದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ 1985ರ ಸೆಪ್ಟೆಂಬರಿನಿಂದ ಪಿತ್ರಾರ್ಜಿತದಲ್ಲಿ ಸಮಹಕ್ಕು ಕೊಟ್ಟಿತು. ಕರ್ನಾಟಕದ್ದು 1994ರಲ್ಲಿ ಬಂತು. 2005ರ ಕೇಂದ್ರ ತಿದ್ದುಪಡಿಯಿಂದ ಮದುವೆಯಾದವರೂ ಸೇರಿ ಎಲ್ಲ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ಅಂದು ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದ ಪಾಲುಗಳು ಕದಲವು.

ಆದಕಾರಣ ಲೆಕ್ಕಿಗರ ಬಳಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮನೆಯ ಆಸ್ತಿಗಳನ್ನು ಬರೆಯಿರಿ. ಯಾವುದು ಅಜ್ಜನಿಂದ ಬಂದದ್ದು, ಯಾವುದು ತಂದೆಯ ಗಳಿಕೆ, ಯಾವುದು ತಾಯಿಯ ಸ್ತ್ರೀಧನ, ಯಾವುದು ನಿಮ್ಮದೇ ದುಡಿಮೆ ಎಂದು ವಿಂಗಡಿಸಿರಿ. ಸೇಡಂ, ಚಿಂಚೋಳಿಗಳಿಗೆ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಬಿಡಬೇಡಿರಿ. ಆ ಹಾಳೆ ಸರಿಯಾಗಿದ್ದರೆ ಯಾವ ರಿಟರ್ನು ಯಾರ ಹೆಸರಿನಲ್ಲಿ ಹೋಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.