ಭಯ ಬರುವುದು ಕಿವಿಯಿಂದ

ಮೊನ್ನೆ ಮೊಮ್ಮಗ ವಿಡಿಯೋ ಗೇಮ್ ಆಡುತ್ತಿದ್ದ. ಪರದೆಯಲ್ಲಿ ಇದ್ದದ್ದು ಖಾಲಿ ಗುಹೆ, ಅಷ್ಟೆ. ಆದರೂ ಅವನ ಅಂಗೈ ಬೆವರಿತ್ತು. ಪಕ್ಕದಲ್ಲಿದ್ದ ನನ್ನ ಎದೆಯೂ ಡವಡವ. ಸೌಂಡ್ ಆಫ್ ಮಾಡಿದೆ. ಭಯವೂ ಆಫ್!

ಮಕ್ಕಳೇ, ಇದರ ಗುಟ್ಟು ಗೊತ್ತೇ? ಸಿನಿಮಾದಲ್ಲಿ ಕಳ್ಳ ಯಾವಾಗ ಬರುತ್ತಾನೆಂದು ಸಂಗೀತ ನಿರ್ದೇಶಕರಿಗೆ ಮೊದಲೇ ಗೊತ್ತು. ಆಟದಲ್ಲಿ ಹಾಗಲ್ಲ. ಬಾಗಿಲು ತೆರೆಯುವವರು ನೀವು. ಈಗಲೇ ತೆರೆಯಬಹುದು, ಹತ್ತು ನಿಮಿಷ ಬಿಟ್ಟೂ ತೆರೆಯಬಹುದು. ಸಂಗೀತ ನಿಮಗಾಗಿ ಕಾಯಬೇಕು.

1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಗಡಿಯಾರ 100ಕ್ಕಿಂತ ಕೆಳಗಿಳಿದರೆ ಅದೇ ರಾಗ ಓಡತೊಡಗುತ್ತಿತ್ತು. 2008ರಲ್ಲಿ ಬಂದ, ದೊಡ್ಡವರಿಗೆಂದೇ ಮಾಡಿದ 'ಡೆಡ್ ಸ್ಪೇಸ್' ಆಟಕ್ಕೆ ಜೇಸನ್ ಗ್ರೇವ್ಸ್ ದೊಡ್ಡ ವಾದ್ಯವೃಂದವನ್ನೇ ಬಳಸಿದರು. ಪಿಸುಗುಡುವ ಪಿಟೀಲಿನಿಂದ ಇಡೀ ವೃಂದದ ಅಬ್ಬರದವರೆಗೆ ಸಂಗೀತ ಪದರ ಪದರವಾಗಿ ಸಿದ್ಧವಾಯಿತು. ಅಪಾಯ ಹತ್ತಿರವಾದಂತೆ ಕಂಪ್ಯೂಟರ್ ಪದರಗಳ ದನಿ ಏರಿಸುತ್ತದೆ, ದೂರವಾದರೆ ಇಳಿಸುತ್ತದೆ.

ಆಟದಲ್ಲಿ ಹೆದರಿಕೆಯಾದರೆ ಕಣ್ಣು ಮುಚ್ಚಬೇಡಿ, ಕಿವಿ ತೆರೆಯಿರಿ. ಯಾವ ವಾದ್ಯ ಅದು ಎಂದು ಹುಡುಕಿ. ನಮ್ಮ ಮೊಮ್ಮಗ ಈಗ "ತಾತ, ಪಿಟೀಲು ಬಂತು!" ಎಂದು ನಗುತ್ತಾನೆ. ಹೆಸರು ಗೊತ್ತಾದ ಭಯ ಅರ್ಧ ಭಯ.