ಪಕ್ಷಕ್ಕೆ ಓಟು ಕೊಡೋಣ, ಮನಸ್ಸಾಕ್ಷಿಯನ್ನಲ್ಲ

ಚುನಾವಣೆ ಹತ್ತಿರ ಬಂತೆಂದರೆ ತೋಟದ ಲೈನುಮನೆಗಳ ಬಾಗಿಲಿಗೆ ಎರಡು ಬಗೆಯ ಉಪದೇಶಕರು ಬರುತ್ತಾರೆ. "ನೀನು ಕೂಲಿಯವನು, ನಮ್ಮ ಪಕ್ಷವನ್ನು ಬಿಟ್ಟು ಬೇರೆಯವರಿಗೆ ಓಟು ಹಾಕಿದರೆ ದ್ರೋಹಿ" ಎನ್ನುವವನು ಒಬ್ಬ. "ನೀನು ಕ್ರೈಸ್ತನು, ಇಂಥ ಪಕ್ಷಕ್ಕೆ ಓಟು ಹಾಕುವುದೇ ನಿನ್ನ ಧರ್ಮ" ಎನ್ನುವವನು ಇನ್ನೊಬ್ಬ. ಇಬ್ಬರೂ ನಮ್ಮಲ್ಲಿ ಅರ್ಧ ಮನುಷ್ಯನನ್ನು ಮಾತ್ರ ಕಾಣುತ್ತಾರೆ. ಸಹೋದರ ಸಹೋದರಿಯರೇ, ಈ ಎರಡು ಉಪದೇಶಗಳನ್ನೂ ನಾವು ತಳ್ಳಿಹಾಕಬೇಕು.

ಎರಡನೆಯವನಿಗೆ ಕಾನೂನೇ ಉತ್ತರ ಕೊಟ್ಟಿದೆ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮಿನ ಪ್ರಕಾರ ಅಭ್ಯರ್ಥಿಯು ಧರ್ಮದ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟ ನಡತೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಓಟುದಾರನ ಧರ್ಮವನ್ನು ಎತ್ತಿ ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು 2017ರ ಜನವರಿಯಲ್ಲಿ ಬಹುಮತದಿಂದ ತೀರ್ಪಿತ್ತಿತು.

ಮೊದಲನೆಯವನಿಗೆ ನಮ್ಮ ಗಡಿಯೇ ಉತ್ತರ. 2024ರ ಲೋಕಸಭಾ ಚುನಾವಣೆಯನ್ನು ನೆನೆಯಿರಿ. ನೀಲಗಿರಿಯಲ್ಲಿ ಕಾಂಗ್ರೆಸ್ಸೂ ಎರಡು ಕಮ್ಯೂನಿಸ್ಟ್ ಪಕ್ಷಗಳೂ ಡಿ.ಎಂ.ಕೆ. ಅಭ್ಯರ್ಥಿಯ ಪರವಾಗಿ ಒಟ್ಟಿಗೆ ನಿಂತವು. ಅದೇ ಚುನಾವಣೆಯಲ್ಲಿ ಗೂಡಲೂರಿನ ಗಡಿ ದಾಟಿದೊಡನೆ ಸಿಗುವ ವಯನಾಡಿನಲ್ಲಿ ಕಾಂಗ್ರೆಸ್ಸಿನ ರಾಹುಲ್ ಗಾಂಧಿಗೆ ಎದುರಾಗಿ ಸಿ.ಪಿ.ಐ.ಯ ಆನಿ ರಾಜಾ ಸ್ಪರ್ಧಿಸಿದರು. ಇತ್ತ ಹೆಗಲಿಗೆ ಹೆಗಲು, ಅತ್ತ ಎದುರಾಳಿ! ಇದನ್ನು ನಾನು ಕಪಟವೆನ್ನುವುದಿಲ್ಲ. ಊರಿಗೆ ತಕ್ಕಂತೆ ಯಾವುದು ಮುಖ್ಯವೆಂದು ಪಕ್ಷಗಳು ಲೆಕ್ಕ ಹಾಕುತ್ತವೆ. ಆ ಲೆಕ್ಕ ಅವರಿಗೆ ಸರಿಯಾದರೆ ಕೂಲಿಯವನಿಗೆ ಮಾತ್ರ ಅದು ದ್ರೋಹವಾಗುವುದು ಹೇಗೆ?

ನಿಜವಾದ ಕಷ್ಟ ಬೇರೆ ಇದೆ. ಎಲೆ ಕೀಳುವ ನಮ್ಮ ಸಹೋದರಿಯೊಬ್ಬಳ ಬೇಡಿಕೆಗಳನ್ನು ನೋಡಿ. ಕೂಲಿ ಹೆಚ್ಚಬೇಕು, ಹೆಂಡದಂಗಡಿ ಮುಚ್ಚಬೇಕು, ದಲಿತ ಕ್ರೈಸ್ತಳೆಂಬ ಕಾರಣಕ್ಕೆ ಮಕ್ಕಳ ಮೀಸಲಾತಿ ತಪ್ಪಬಾರದು. ಈ ಮೂರನ್ನೂ ಹೊತ್ತ ಪಕ್ಷ ಯಾವುದು? ಕೂಲಿಯ ಮಾತನ್ನು ಗಟ್ಟಿಯಾಗಿ ಆಡುವವರು ಎಡಪಕ್ಷದವರು. ಆದರೆ ಕೇರಳದಲ್ಲಿ 2014ರಲ್ಲಿ ಪಂಚತಾರಾ ಹೋಟೆಲುಗಳ ಹೊರತು ಉಳಿದ ಬಾರುಗಳನ್ನು ಮುಚ್ಚಲು ಹೊರಟದ್ದು ಕಾಂಗ್ರೆಸ್ ಕೂಟ. 2017ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿದ್ದು ಎಡಕೂಟ. ತಮಿಳುನಾಡಿನಲ್ಲಿ 2003ರಲ್ಲಿ ಚಿಲ್ಲರೆ ಮದ್ಯ ವ್ಯಾಪಾರವನ್ನು ಸರ್ಕಾರದ ಟಾಸ್ಮಾಕ್ ಕೈಗೆ ತಂದದ್ದು ಎ.ಐ.ಎ.ಡಿ.ಎಂ.ಕೆ. ಸರ್ಕಾರ, ಆಮೇಲೆ ಬಂದ ಡಿ.ಎಂ.ಕೆ. ಸರ್ಕಾರವೂ ಅದನ್ನೇ ಮುಂದುವರಿಸಿತು.

ಮೀಸಲಾತಿಯ ಕಥೆಯೂ ಹೀಗೆಯೇ. 1950ರ ಪರಿಶಿಷ್ಟ ಜಾತಿಗಳ ಆಜ್ಞೆಯು ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗುಳಿದರು. ಧರ್ಮದ ಈ ಅಡ್ಡಿಯನ್ನು ತೆಗೆಯಬೇಕೆಂದು 2007ರಲ್ಲಿ ರಂಗನಾಥ ಮಿಶ್ರ ಆಯೋಗ ಹೇಳಿತು. ಕಾಂಗ್ರೆಸ್ ನೇತೃತ್ವದ ಸರ್ಕಾರ 2014ರವರೆಗೆ ಅಧಿಕಾರದಲ್ಲಿದ್ದರೂ ಅದನ್ನು ಜಾರಿಗೆ ತರಲಿಲ್ಲ. ಆನಂತರದ ಭಾಜಪ ಸರ್ಕಾರ 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದನ್ನು ವಿರೋಧಿಸಿತು. ನೀಲಗಿರಿ ಲೋಕಸಭಾ ಕ್ಷೇತ್ರವೂ ಗೂಡಲೂರು ವಿಧಾನಸಭಾ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ದಲಿತ ಕ್ರೈಸ್ತನು ಓಟು ಹಾಕಬಹುದು, ಓಟಿಗೆ ನಿಲ್ಲುವಂತಿಲ್ಲ.

ಇದನ್ನೆಲ್ಲ ಕಂಡು "ಎಲ್ಲರೂ ಕಳ್ಳರೇ, ಯಾರಿಗೂ ಹಾಕುವುದಿಲ್ಲ" ಎಂದು ಕೂತುಬಿಡುವವರಿದ್ದಾರೆ. 2013ರಿಂದ ಓಟಿನ ಯಂತ್ರದಲ್ಲಿ ಅದಕ್ಕೂ ಒಂದು ಗುಂಡಿ ಇದೆ. ಆದರೆ ಆ ಗುಂಡಿಯಿಂದ ಯಾರ ಕೂಲಿಯೂ ಹೆಚ್ಚಿಲ್ಲ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ತೋಟದ ಹೆಂಗಸರು ಎಲ್ಲ ಪಕ್ಷಗಳ ಸಂಘಗಳನ್ನೂ ದೂರವಿಟ್ಟು ತಾವೇ ಬೀದಿಗಿಳಿದರು. ಒಂಬತ್ತು ದಿನಗಳಲ್ಲಿ ಶೇಕಡಾ 20ರ ಬೋನಸ್ ಪಡೆದರು. 232 ರೂಪಾಯಿಯ ದಿನಗೂಲಿ ಅದೇ ವರ್ಷ 301ಕ್ಕೆ ಏರಿತು. ನವೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಅವರ ಪೆಂಬಿಳೈ ಒರುಮೈ ಕೆಲವು ಸ್ಥಾನಗಳನ್ನೂ ಗೆದ್ದಿತು. ಆದರೆ 2016ರ ವಿಧಾನಸಭಾ ಚುನಾವಣೆಯಲ್ಲಿ ಅವರ ಅಭ್ಯರ್ಥಿಗೆ ಒಂದು ಸಾವಿರ ಓಟೂ ಬೀಳಲಿಲ್ಲ. ಮುಷ್ಕರಕ್ಕೆ ಪಕ್ಷ ಬೇಡದೆ ಇರಬಹುದು. ಶಾಸನ ಮಾಡುವ ಮನೆಗೆ ಹೋಗಲು ಈ ದೇಶದಲ್ಲಿ ಪಕ್ಷದ ಬಾಗಿಲೇ ದೊಡ್ಡದು.

ಹಾಗಾದರೆ ಮಾಡತಕ್ಕದ್ದೇನು? ನಮಗೆ ಇರುವುದು ಒಂದೇ ಓಟಲ್ಲ, ಮೂರು. ನೀರಿನ ನಲ್ಲಿ, ದಾರಿ, ಬೀದಿದೀಪ ಇವು ಪಂಚಾಯತಿಯ ಕೈಯಲ್ಲಿವೆ. ಹೆಂಡದಂಗಡಿಯೂ ತೋಟದ ಕನಿಷ್ಠ ಕೂಲಿಯೂ ರಾಜ್ಯ ಸರ್ಕಾರದ ಕೈಯಲ್ಲಿವೆ. ಪರಿಶಿಷ್ಟ ಜಾತಿಯ ಪಟ್ಟಿ ಸಂಸತ್ತಿನ ಕೈಯಲ್ಲಿದೆ. ಲೈನುಮನೆ, ಆಸ್ಪತ್ರೆ, ಶಿಶುಮಂದಿರಗಳಿಗೆ ಆಧಾರವಾಗಿದ್ದ 1951ರ ತೋಟ ಕಾರ್ಮಿಕರ ಕಾಯಿದೆಯನ್ನು ರದ್ದುಮಾಡಿ ಹೊಸ ಸಂಹಿತೆಯೊಳಗೆ ಸೇರಿಸುವ ಮಸೂದೆಯನ್ನು 2020ರಲ್ಲಿ ಒಪ್ಪಿದ್ದೂ ಸಂಸತ್ತೇ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಆದ್ದರಿಂದ ಪಂಚಾಯತಿಗೆ ಒಬ್ಬರನ್ನು, ವಿಧಾನಸಭೆಗೆ ಬೇರೆ ಪಕ್ಷದವರನ್ನು, ಲೋಕಸಭೆಗೆ ಮತ್ತೊಬ್ಬರನ್ನು ಆರಿಸುವುದು ಚಂಚಲತೆಯಲ್ಲ. ಯಾವ ಕುರ್ಚಿಯಿಂದ ಯಾವ ಕೆಲಸ ಆಗುತ್ತದೆಂದು ತಿಳಿದು ಮಾಡಿದ ಆಯ್ಕೆ ಅದು.

ಒಂದೇ ಕುರ್ಚಿಗೆ ಎರಡು ಬೇಡಿಕೆಗಳು ಡಿಕ್ಕಿಯಾದರೆ? ಕೂಲಿಯ ಪಕ್ಷವೊಂದು, ಹೆಂಡ ನಿಲ್ಲಿಸುವ ಪಕ್ಷವೊಂದು ಎಂದಾದರೆ? ಆಗ ನಮ್ಮ ಲೈನಿನಲ್ಲಿ ಯಾರ ಹೊಟ್ಟೆಗೆ ಮೊದಲು ಏಟು ಬೀಳುತ್ತದೆಂದು ನೋಡಬೇಕು. ಮನೆಯ ಹೆಂಗಸರನ್ನು ಕೇಳಬೇಕು. ಕೂಲಿ ಎಷ್ಟು ಬಂತು, ಅದರಲ್ಲಿ ಎಷ್ಟು ಒಲೆಯವರೆಗೆ ತಲುಪಿತು ಎಂಬ ಎರಡು ಲೆಕ್ಕಗಳೂ ಅವರಲ್ಲಿವೆ. ಗಂಡಸರು ಸಂಘದ ಕಚೇರಿಯಲ್ಲಿ ತೀರ್ಮಾನಿಸಿ ಬಂದು ಮನೆಯಲ್ಲಿ ಚಿಹ್ನೆ ತೋರಿಸುವ ಪದ್ಧತಿ ಇನ್ನು ಸಾಕು.

ಆರಿಸಿದ ಮೇಲೆ ಬಾಯಿಗೆ ಬೀಗ ಬೇಡ. 1985ರ ಪಕ್ಷಾಂತರ ನಿಷೇಧದ ಶಾಸನದಿಂದ ಪಕ್ಷದ ವಿಪ್ ಶಾಸಕನನ್ನು ಕಟ್ಟಿಹಾಕುತ್ತದೆ; ನಮ್ಮನ್ನು ಕಟ್ಟುವುದಿಲ್ಲ. "ಕೂಲಿಗಾಗಿ ನಿಮಗೆ ಓಟು ಕೊಟ್ಟೆವು, ಹೆಂಡದ ವಿಷಯದಲ್ಲಿ ನೀವು ತಪ್ಪು" ಎಂದು ಗೆದ್ದವನ ಮುಂದೆಯೇ ಹೇಳಬೇಕು. ಪಕ್ಷದ ಸದಸ್ಯರಾದವರು ಪಕ್ಷದ ಸಭೆಯಲ್ಲೇ ಹೇಳಬೇಕು. ಎಲೆ ತೂಗುವಾಗ ಒಂದು ಕಿಲೋ ಕಡಿಮೆ ಬರೆದರೆ ಕೇಳದೆ ಬಿಡುವವರಲ್ಲ ನಾವು. ಐದು ವರ್ಷದ ಲೆಕ್ಕವನ್ನು ಕೇಳದೆ ಬಿಡುವುದೇಕೆ?

ಓಟಿನ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು 1996ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿದೆ. ಆ ರಜೆಯನ್ನು ಕೇಳಿ ಪಡೆಯಿರಿ. ಮೇಸ್ತ್ರಿಯಾಗಲಿ, ಸಂಘದ ಕಾರ್ಯದರ್ಶಿಯಾಗಲಿ, ಸಭಾಪಾಲಕರಾಗಲಿ ನಿಮ್ಮೊಡನೆ ಯಂತ್ರದ ಮುಂದೆ ನಿಲ್ಲುವಂತಿಲ್ಲ. ಅಲ್ಲಿ ಒಬ್ಬರೇ ನಿಂತು, ನಿಮ್ಮ ಮನಸ್ಸಾಕ್ಷಿ ಒಪ್ಪಿದವರಿಗೆ ಓಟು ಹಾಕಿ ಬನ್ನಿರಿ.