ನೋವು ಮತ್ತು ಧೈರ್ಯ

ಕೊಟ್ಟೂರಿನ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಪ್ರತಿವರ್ಷವೂ ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಬರಿಗಾಲಿನಲ್ಲಿ ನಡೆಯುವವರೂ ಅವರಲ್ಲುಂಟು. ಅಂಗಾಲಿನಲ್ಲಿ ಬೊಬ್ಬೆ ಎದ್ದರೂ ಅವರ ನಡಿಗೆ ನಿಲ್ಲುವುದಿಲ್ಲ. ಎಷ್ಟೋ ಮಂದಿಗೆ ಅದರ ಉರಿ ಅರಿವಿಗೆ ಬರುವುದು ರಾತ್ರಿ ತಂಗಿದಾಗಲೇ. ಹಾಗಾದರೆ ಹಗಲೆಲ್ಲ ಆ ನೋವು ಎಲ್ಲಿ ಅಡಗಿತ್ತು?

ಗಾಯದ ಸುದ್ದಿಯನ್ನು ನರಗಳು ಬೆನ್ನುಹುರಿಗೆ ಒಯ್ಯುತ್ತವೆ; ಬೆನ್ನುಹುರಿ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ. ಆದರೆ ಮನಸ್ಸು ಬೇರೊಂದರಲ್ಲಿ ತನ್ಮಯವಾದಾಗ, ಇಲ್ಲವೆ ಅಪಾಯ ಎದುರಾದಾಗ, ಮಿದುಳು ಬೆನ್ನುಹುರಿಗೆ ಆಜ್ಞೆ ಕಳುಹಿಸಿ ಆ ಸುದ್ದಿಯನ್ನು ದಾರಿಯಲ್ಲೇ ತಡೆಯಬಲ್ಲದು. ಈ ಕಾರ್ಯಕ್ಕೆ ನೆರವಾಗುವ ಕೆಲವು ರಾಸಾಯನಿಕಗಳನ್ನು ದೇಹವೇ ತಯಾರಿಸುತ್ತದೆ. ಅಫೀಮಿನಿಂದ ತೆಗೆಯುವ ಮಾರ್ಫಿನ್ ನೋವನ್ನು ಶಮನಗೊಳಿಸುತ್ತದೆಂಬುದು ಹಿಂದಿನಿಂದ ತಿಳಿದಿತ್ತು. ಅಂತಹ ಔಷಧ ಬಂದು ಕೂಡುವ ತಾಣಗಳು ಮಿದುಳಿನಲ್ಲಿವೆಯೆಂದು 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್ ತೋರಿಸಿದರು. ಮನೆಯಲ್ಲಿ ಬೀಗವಿದ್ದ ಮೇಲೆ ಬೀಗದ ಕೈಯೂ ಅಲ್ಲಿಯೇ ಇರಬೇಕಲ್ಲವೆ? 1975ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಸ್ ಅದನ್ನು ಕಂಡುಹಿಡಿದು ಎನ್‌ಕೆಫಲಿನ್ ಎಂದು ಹೆಸರಿಟ್ಟರು. ಎಂಡಾರ್ಫಿನ್ ಎಂಬುದೂ ಇದೇ ಬಳಗದ್ದು. ದೇಹದೊಳಗಿನ ಮಾರ್ಫಿನ್ ಎಂಬುದೇ ಆ ಹೆಸರಿನ ಅರ್ಥ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಉಪಾಧ್ಯಾಯನಾಗಿದ್ದಾಗ ಒಮ್ಮೆ ಕಬಡ್ಡಿ ಪಂದ್ಯದಲ್ಲಿ ಬಿದ್ದ ಹುಡುಗನೊಬ್ಬ ಏನೂ ಆಗದವನಂತೆ ಎದ್ದು ಆಟ ಮುಗಿಸಿದ. ನಾನು ಅವನ ಬೆನ್ನು ತಟ್ಟಿ, "ಧೀರನೆಂದರೆ ಇವನು" ಎಂದೆ. ಸಂಜೆಗೆ ಅವನ ಮುಂಗೈ ಬಾತುಕೊಂಡಿತು. ಆದರೆ ಧೀರನೆನಿಸಿಕೊಂಡವನು ಅಳುವುದು ಹೇಗೆ? ಎರಡು ದಿನ ಅವನು ಯಾರಿಗೂ ಹೇಳಲಿಲ್ಲ. ಮೂಳೆ ಮುರಿದಿತ್ತು. ಆಟದ ಭರದಲ್ಲಿ ದೇಹ ಮಾಡಿದ ಉಪಕಾರವನ್ನು ನಾನು ಧೈರ್ಯವೆಂದು ಹೊಗಳಿದೆ. ಆ ಹೊಗಳಿಕೆಯೇ ಅವನ ಬಾಯಿ ಕಟ್ಟಿತು.

ನೋವು ಕಾಣದಿರುವುದು ಗಾಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ದೇಹದ ಈ ಮದ್ದು ಸ್ವಲ್ಪ ಹೊತ್ತಿನದು. ಅಪಾಯದಿಂದ ಪಾರಾಗಲು ದೊರೆತ ಬಿಡುವು ಮಾತ್ರ. ಎಲ್ಲರಲ್ಲಿಯೂ ಅದು ಒಂದೇ ಪ್ರಮಾಣದಲ್ಲಿ ಕೆಲಸ ಮಾಡುವುದೂ ಇಲ್ಲ. ಆದುದರಿಂದ ನೋವಿಗೆ ಅಳುವವನನ್ನು ಹೇಡಿಯೆಂದು ಹೀಯಾಳಿಸುವುದು ಅಜ್ಞಾನ. "ನನಗೆ ನೋವಾಗುತ್ತಿದೆ" ಎಂದು ಹಿರಿಯರ ಮುಂದೆ ಹೇಳುವುದಕ್ಕೂ ಧೈರ್ಯ ಬೇಕು. ಆ ಮಾತನ್ನು ನಂಬಿ ಕೇಳುವುದು ಹಿರಿಯರ ಕರ್ತವ್ಯ.